ಕೂಲಿಮಠದಿಂದ ಅಂಗನವಾಡಿಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದೊಡನೆ ಬೆಂಗಳೂರಿನ ಜನರಿಗೆ ನೆನಪಾಗುವುದು ದ್ರಾಕ್ಷಿ, ತರಕಾರಿ, ರೇಷ್ಮೆಗೂಡು, ನಂದಿಬೆಟ್ಟ, ವಿದುರಾಶ್ವತ್ಥ. 2007ರವರೆಗೆ ಈ ನಾಲ್ಕೂ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ಆ ವರ್ಷ ಚಿಕ್ಕಬಳ್ಳಾಪುರವೇ ಒಂದು ಜಿಲ್ಲೆಯಾದಾಗ ಅದರ ಪಾಲಿಗೆ ಬಂದವು. ಈ ಸೀಮೆಯ ಇನ್ನೊಂದು ವಿಶೇಷವನ್ನು ಅಲ್ಲಿಯ ಸಂತೆಯಲ್ಲಿ ಹತ್ತು ನಿಮಿಷ ನಿಂತವರೆಲ್ಲ ಬಲ್ಲರು. ತೆಲುಗಿನಲ್ಲಿ ಶುರುವಾದ ವ್ಯಾಪಾರ ಕನ್ನಡದಲ್ಲಿ ಚೌಕಾಸಿಗೆ ಬಂದು ಉರ್ದುವಿನಲ್ಲಿ ಮುಗಿಯುವುದುಂಟು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತೀಂದ್ರರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಕೇಳುವವರಿಗೆ ಎರಡೂ ತಮ್ಮವೇ ಆಗಿದ್ದವು.

ದೊಡ್ಡವರಿಗೆ ಇದೊಂದು ಸೌಕರ್ಯ. ಆದರೆ ಮೂರು ವರ್ಷದ ಮಗುವಿಗೆ? ಅದು ಅವ್ವನ ಸೆರಗು ಬಿಟ್ಟು ಮೊದಲ ಸಲ ಅಂಗನವಾಡಿಯ ಹೊಸ್ತಿಲು ದಾಟುತ್ತದೆ. ಅದರ ಬಾಯಲ್ಲಿರುವುದು ಮನೆಯ ಮಾತು. ಗೋಡೆಯ ಮೇಲಿನ ಚಿತ್ರಗಳ ಕೆಳಗೆ ಬರೆದಿರುವುದು ಕನ್ನಡ. ಟೀಚರು ಏನೋ ಕೇಳುತ್ತಾರೆ. ಮಗು ತನಗೆ ಬಂದ ಮಾತಿನಲ್ಲಿ ಏನೋ ಹೇಳುತ್ತದೆ, ಇಲ್ಲವೇ ಬಾಯಿ ಮುಚ್ಚಿಕೊಂಡು ನಿಲ್ಲುತ್ತದೆ. ಅದಕ್ಕೆ ಟೀಚರು ಏನು ಮರುಮಾತು ಕೊಟ್ಟರು? ಒಂದು ಜೀವದ ವಿದ್ಯಾಭ್ಯಾಸ ಆರಂಭವಾಗುವುದು ಓನಾಮದಿಂದ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಆರಂಭವಾಗುವುದು ಈ ಮರುಮಾತಿನಿಂದ.

ಈ ಮರುಮಾತನ್ನು ನಮ್ಮ ನಾಡಿನಲ್ಲಿ ಯಾರು, ಯಾವಾಗ ಗಮನಿಸಿದರು? ಶಾಲೆಗಳ ಚರಿತ್ರೆಯನ್ನು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಕಟ್ಟಡ, ಖರ್ಚು, ಹಾಜರಿ, ತೇರ್ಗಡೆ ಎಲ್ಲದಕ್ಕೂ ಲೆಕ್ಕವಿದೆ. ಪಾಠದ ಕೋಣೆಯೊಳಗೆ ಕುಳಿತು, ಗುರು ಮಗುವಿಗೆ ಏನೆಂದರು, ಮಗು ಗುರುವಿಗೆ ಏನೆಂದಿತು ಎಂದು ನೋಡಿದವರ ಚರಿತ್ರೆ ಬೇರೆ. ಅದು ಚಿಕ್ಕದು, ಆದರೂ ತಿಳಿಯತಕ್ಕದ್ದು.

ಅದರ ಮೊದಲ ಪುಟ ಸಿಕ್ಕುವುದು ಬಳ್ಳಾರಿಯಲ್ಲಿ. ಗೌರಿಬಿದನೂರಿಗೂ ಬಳ್ಳಾರಿಗೂ ಏನು ಸಂಬಂಧ ಎಂದು ಕೇಳಬಹುದು. ಅನಂತಪುರವು ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ. ಅದಕ್ಕೆ ಮೊದಲು ಪೆನುಗೊಂಡ, ಹಿಂದೂಪುರದ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಯೇ. ಆದ್ದರಿಂದ ಅಂದಿನ ಬಳ್ಳಾರಿಯ ಗಡಿ ಗೌರಿಬಿದನೂರಿನ ಬಾಗಿಲವರೆಗೂ ಬಂದಿತ್ತು. ಆಚೆ ಕುಂಪಣಿಯ ರಾಜ್ಯ, ಈಚೆ ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರು. ಜನ, ಮಾತು, ಮಳೆ, ಬೆಳೆ ಎರಡು ಕಡೆಯೂ ಬಹುಮಟ್ಟಿಗೆ ಒಂದೇ.

1822ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಅವರು, ಪ್ರಾಂತದಲ್ಲಿ ಎಷ್ಟು ಶಾಲೆಗಳಿವೆ, ಏನು ಕಲಿಸುತ್ತಾರೆ ಎಂದು ಎಲ್ಲ ಕಲೆಕ್ಟರುಗಳನ್ನೂ ಕೇಳಿದರು. ಅನೇಕರು ಅಂಕಿಗಳನ್ನು ತುಂಬಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಸಾಹೇಬರು ಮಾತ್ರ 1823ರ ಆಗಸ್ಟ್ 17ರಂದು ಬರೆದ ಉತ್ತರದಲ್ಲಿ ಕೂಲಿಮಠದ ಒಳಗನ್ನೇ ತೆರೆದು ತೋರಿಸಿದರು. ಅವರ ಜಿಲ್ಲೆಯಲ್ಲಿ ಆಗ ಇದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಶಾಲೆಗಳು, ಮತ್ತು ಒಂದೇ ಒಂದು ಇಂಗ್ಲಿಷ್ ಶಾಲೆ. ಓದುತ್ತಿದ್ದ ಮಕ್ಕಳು 6,641. ಅವರಲ್ಲಿ ಹುಡುಗಿಯರು 60. ಇಷ್ಟು ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ಕಾಸು ಸಲ್ಲುತ್ತಿಲ್ಲವೆಂಬುದನ್ನು ಹೇಳಲು ತಮಗೆ ನಾಚಿಕೆಯಾಗುತ್ತದೆ ಎಂದು ಆ ಕಲೆಕ್ಟರೇ ಬರೆದುಕೊಂಡರು. ಸರ್ಕಾರಿ ಕಡತಗಳಲ್ಲಿ ಅಂಥ ಮಾತು ಅಪರೂಪ.

ಅವರು ಕಂಡ ಕೂಲಿಮಠದ ದಿನಚರಿ ಹೀಗಿತ್ತು. ಮಗುವಿಗೆ ಐದು ವರ್ಷ ತುಂಬಿದಾಗ ಒಳ್ಳೆಯ ದಿನ ನೋಡಿ ಐಗಳನ್ನೂ ಮಠದ ಮಕ್ಕಳನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಎದುರಿಗೆ ಮಗುವನ್ನು ಕೂರಿಸಿ, ಅಕ್ಕಿಯ ಮೇಲೆ ಅದರ ಬೆರಳು ಹಿಡಿದು ದೇವರ ಹೆಸರನ್ನು ತಿದ್ದಿಸುತ್ತಿದ್ದರು. ಮಾರನೆಯ ದಿನದಿಂದ ಬೆಳಗಿನ ಆರು ಗಂಟೆಗೇ ಮಠ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಬಹುಮಾನ. ಎರಡನೆಯವನ ಕೈಗೆ ಸೊನ್ನೆ; ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಂತೆಲ್ಲ ಏಟು ಏರುತ್ತಿತ್ತು. ಸೋಮಾರಿಗೆ ಕೈಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆ, ಇಲ್ಲವೇ ಎಡೆಬಿಡದೆ ಬಸ್ಕಿ. ನಮ್ಮ ಅಜ್ಜಂದಿರು ಕೋದಂಡವೆಂದು ಹೇಳಿ ನಮ್ಮನ್ನು ಹೆದರಿಸುತ್ತಿದ್ದುದು ಇದನ್ನೇ. ಛಡಿ ಚಂ ಚಂ, ವಿದ್ಯಾ ಘಂ ಘಂ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಇಷ್ಟೇ ಆಗಿದ್ದರೆ ಆ ವರದಿಯನ್ನು ಕಟ್ಟಿಡಬಹುದಾಗಿತ್ತು. ಕ್ಯಾಂಬೆಲ್ ಸಾಹೇಬರು ಇನ್ನೆರಡು ಸಂಗತಿಗಳನ್ನು ಕಂಡರು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಆಮೇಲೆ ಹಲಿಗೆ, ಕಡತಗಳಿಗೆ ಬರುತ್ತಿದ್ದರು. ಖರ್ಚು ಎಂಬುದೇ ಇಲ್ಲ. ಮಠದಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪುಗಳು; ಮೇಲಿನ ಗುಂಪಿನ ಹುಡುಗರು ಕೆಳಗಿನವರಿಗೆ ಹೇಳಿಕೊಡುತ್ತಿದ್ದರು. ಹಾಗೆ ಹೇಳಿಕೊಡುವಾಗ ಅವರ ಪಾಠವೂ ಗಟ್ಟಿಯಾಗುತ್ತಿತ್ತು. ಇದನ್ನು ಸಾಹೇಬರು ಮನಸಾರೆ ಮೆಚ್ಚಿದರು. ಎರಡನೆಯದನ್ನು ಮೆಚ್ಚಲಿಲ್ಲ. ಮಕ್ಕಳು ನೂರಾರು ಪದ್ಯಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ, ಆದರೆ ಗಿಳಿಗೆ ತಿಳಿದಷ್ಟೇ ಅರ್ಥ ಅವರಿಗೆ ತಿಳಿದಿರುತ್ತದೆ ಎಂದರು. ಪದ್ಯದ ಭಾಷೆ ಒಂದು, ಮಗುವಿನ ಆಡುಮಾತು ಇನ್ನೊಂದು, ನಡುವೆ ಸೇತುವೆಯಿಲ್ಲ.

ಇನ್ನೂರು ವರ್ಷದ ಹಿಂದಿನ ಈ ಟೀಕೆಯನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ. ಒಂದು ಮಾತನ್ನು ಮಾತ್ರ ಇಲ್ಲೇ ಹೇಳಿಬಿಡಬಹುದು. ಕ್ಯಾಂಬೆಲ್ ಸಾಹೇಬರ ವರದಿಯಲ್ಲಿ ಐಗಳ ಬೆತ್ತವಿದೆ, ಮಕ್ಕಳ ಕಂಠಪಾಠವಿದೆ. ಒಂದು ಮಗು ಕೇಳಿದ ಒಂದು ಪ್ರಶ್ನೆಯೂ ಇಲ್ಲ.

ಮರಳಿನ ಮೇಲೆ ಬರೆಯುವ ಮಕ್ಕಳು ಇದಕ್ಕೂ ಮೊದಲೇ ಇನ್ನೊಬ್ಬರ ಕಣ್ಣಿಗೆ ಬಿದ್ದಿದ್ದರು. ಮದರಾಸಿನ ಎಗ್ಮೋರಿನಲ್ಲಿ ಸಿಪಾಯಿಗಳ ಅನಾಥ ಗಂಡುಮಕ್ಕಳಿಗೆಂದು ನಡೆಯುತ್ತಿದ್ದ ಶಾಲೆಯ ಮೇಲ್ವಿಚಾರಣೆಯನ್ನು 1789ರಲ್ಲಿ ವಹಿಸಿಕೊಂಡವರು ಪಾದ್ರಿ ಆಂಡ್ರೂ ಬೆಲ್. ದೇಶೀ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮರಳಿನಲ್ಲಿ ಅಕ್ಷರ ತಿದ್ದುವುದನ್ನು ಕಂಡ ಅವರು ತಮ್ಮ ಶಾಲೆಯಲ್ಲಿಯೂ ಹಾಗೆಯೇ ಮಾಡಿಸಲು ಹೋದರು. ಕೆಳಗಿನ ಉಪಾಧ್ಯಾಯರು ಒಪ್ಪಲಿಲ್ಲ. ಬೆಲ್ ಅವರು ಹಟಬಿಡದೆ, ಶಾಲೆಯ ಒಬ್ಬ ಹುಡುಗನಿಗೇ ಕಿರಿಯರನ್ನು ಒಪ್ಪಿಸಿದರು. ಆ ಪ್ರಯೋಗದ ವೃತ್ತಾಂತ 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮುಂದೆ ಇಂಗ್ಲೆಂಡಿನ ಬಡಮಕ್ಕಳ ಸಾವಿರಾರು ಶಾಲೆಗಳು ಆ ಪದ್ಧತಿಯಲ್ಲಿ ನಡೆದವು. ಅದಕ್ಕೆ ಅಲ್ಲಿ ಮದರಾಸು ಪದ್ಧತಿ ಎಂದೇ ಹೆಸರಾಯಿತು. ನಮ್ಮ ಕೂಲಿಮಠದ ಬೀಜ ಸಮುದ್ರ ದಾಟಿ ಬೆಳೆ ಕೊಟ್ಟಿತು. ಆದರೆ ಅಲ್ಲಿ ಒಂದೊಂದು ಕೋಣೆಗೆ ನೂರಾರು ಮಕ್ಕಳನ್ನು ತುಂಬಿ, ಗಂಟೆ ಸೀಟಿಗಳಿಂದ ನಡೆಸಿದ್ದರಿಂದ ಅದು ಕವಾಯತಿನಂತಾಯಿತು. ಹಿರಿಯ ಹುಡುಗ ಕಿರಿಯ ಹುಡುಗನ ಕಿವಿಯಲ್ಲಿ ಹೇಳಿಕೊಡುವ ಸಲಿಗೆ ಅಲ್ಲಿ ಉಳಿಯಲಿಲ್ಲ.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋಯಿತು. 1868ರಲ್ಲಿ, ವಿದ್ಯಾ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ ಅವರ ಸಲಹೆಯಂತೆ, ಹೋಬಳಿಗೊಂದು ಶಾಲೆಯ ಯೋಜನೆ ಜಾರಿಗೆ ಬಂದಿತು. ಶಾಸನಗಳನ್ನು ಹುಡುಕಿ ಅಚ್ಚುಹಾಕಿಸಿದ ರೈಸ್ ಸಾಹೇಬರೆಂದರೆ ನಮಗೆ ಕಲ್ಲುಬರಹದ ನೆನಪು. ಹಳ್ಳಿಯ ಮಕ್ಕಳ ಬಳಪದ ಬರಹಕ್ಕೂ ಅವರ ಋಣವಿದೆ. ಊರಿನ ಐಗಳನ್ನೇ ನಾರ್ಮಲ್ ಶಾಲೆಗೆ ಕಳಿಸಿ, ತರಬೇತಿ ಕೊಟ್ಟು, ಸಂಬಳ ಗೊತ್ತುಮಾಡಿ, ಮರಳಿ ಕಳಿಸುವುದು ಅದರ ಕ್ರಮ. ಆ ವೇಳೆಗೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಏಳೆಂಟು ವರ್ಷದ ಬಾಲಕ. ತೆಲುಗು ಮನೆಮಾತಿನ ಆ ಬಾಲಕನ ಮೊದಲ ವಿದ್ಯಾಭ್ಯಾಸ ಚಿಕ್ಕಬಳ್ಳಾಪುರದಲ್ಲಿ ಆಯಿತು. ಅವರೇ ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತು. ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ ಆದರೆ ಮಗು ದಡ್ಡನಾಗುತ್ತದೆ ಎನ್ನುವವರಿಗೆ ಈ ಒಂದು ಉದಾಹರಣೆ ಸಾಕು. ಎರಡು ಭಾಷೆ ಮಗುವಿಗೆ ಹೊರೆಯಾಗುವುದು ನಡುವೆ ಕೈಹಿಡಿಯುವವರು ಇಲ್ಲದಾಗ.

ಸರ್ಕಾರದ ಶಾಲೆ ಬಂದ ಮೇಲೆ ಸರ್ಕಾರದ ಕಣ್ಣೂ ಬಂತು. ಅದೇ ಇನ್‌ಸ್ಪೆಕ್ಟರು. ಅವರು ಬರುವ ಸುದ್ದಿ ತಿಳಿದರೆ ಶಾಲೆಗೆ ಸಾರಣೆ, ಮಕ್ಕಳಿಗೆ ಒಗೆದ ಅಂಗಿ, ಮೇಷ್ಟರಿಗೆ ರುಮಾಲು. ಸಾಹೇಬರು ಕುರ್ಚಿಯಲ್ಲಿ ಕುಳಿತು ಹಾಜರಿ ಪುಸ್ತಕ ನೋಡಿ, ನಾಲ್ಕು ಮಕ್ಕಳನ್ನು ನಿಲ್ಲಿಸಿ, ಮಗ್ಗಿ ಕೇಳಿ, ಒಂದು ಲೆಕ್ಕ ಕೊಟ್ಟು, ವಿಸಿಟ್ ಪುಸ್ತಕದಲ್ಲಿ ಷರಾ ಬರೆದು ಹೊರಡುತ್ತಿದ್ದರು. ಮೇಷ್ಟರು ಪಾಠ ಮಾಡುವಾಗ ನೋಡುವುದಕ್ಕಿಂತ, ಪಾಠವಾದ ಮೇಲೆ ಮಕ್ಕಳಿಂದ ಒಪ್ಪಿಸಿಕೊಳ್ಳುವುದೇ ತಪಾಸಣೆಯ ತಿರುಳಾಯಿತು. ಇಂಗ್ಲೆಂಡಿನಲ್ಲಿ 1862ರಿಂದ ಮಕ್ಕಳು ತೇರ್ಗಡೆಯಾದ ಲೆಕ್ಕದ ಮೇಲೆ ಶಾಲೆಗೆ ಹಣ ಕೊಡುವ ನಿಯಮವಿತ್ತು. ಮದರಾಸು ಪ್ರಾಂತದಲ್ಲಿಯೂ ಅದೇ ಬಗೆಯ ಪದ್ಧತಿ ಕೆಲವು ದಶಕ ನಡೆಯಿತು. ಕವಿ ಮ್ಯಾಥ್ಯೂ ಆರ್ನಾಲ್ಡ್ ಹೊಟ್ಟೆಪಾಡಿಗೆ 35 ವರ್ಷ ಶಾಲೆಯ ಇನ್‌ಸ್ಪೆಕ್ಟರ್ ಆಗಿದ್ದವರು. ಈ ನಿಯಮದಿಂದ ಪಾಠವೆಲ್ಲ ಯಂತ್ರವಾಗುತ್ತದೆಂದು ಅವರು ತಮ್ಮ ಇಲಾಖೆಯ ವಿರುದ್ಧವೇ ಬರೆದರು. ಅಳೆಯುವುದು ಸುಲಭವಾದದ್ದನ್ನೇ ಅಳೆಯುತ್ತ ಹೋದರೆ ಕೊನೆಗೆ ಅಷ್ಟನ್ನೇ ಕಲಿಸುವಂತಾಗುತ್ತದೆ. ಕ್ಯಾಂಬೆಲ್ ಸಾಹೇಬರು ಕಂಡ ಗಿಳಿ ಹೀಗೆ ಸರ್ಕಾರಿ ಪಂಜರಕ್ಕೆ ಬಂದು ಕುಳಿತಿತು.

ನೋಡುವ ಕಣ್ಣು ಮೇಷ್ಟರ ಕಡೆಯಿಂದ ಮಗುವಿನ ಕಡೆಗೆ ತಿರುಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ರೋಮಿನ ಬಡವರ ಕೇರಿಯಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸೊರಿ ಮೂಲತಃ ವೈದ್ಯೆ. ರೋಗಿಯನ್ನು ನೋಡುವ ತಾಳ್ಮೆಯಿಂದ ಅವರು ಮಗುವನ್ನು ನೋಡಿದರು. ಗುರುವಾಗುವವರು ಮೊದಲು ಗಂಟೆಗಟ್ಟಲೆ ಬಾಯಿಬಿಡದೆ ಕುಳಿತು ಮಕ್ಕಳನ್ನು ನೋಡುವುದನ್ನು ಕಲಿಯಬೇಕೆಂದು ವಿಧಿಸಿದರು. 1939ರಲ್ಲಿ ಅವರು ಮದರಾಸಿನ ಅಡಯಾರಿಗೆ ಬಂದರು. ಅಷ್ಟರಲ್ಲಿ ಮಹಾಯುದ್ಧ ಹಿಡಿದು, 1946ರವರೆಗೂ ಈ ದೇಶದಲ್ಲಿಯೇ ಉಳಿಯಬೇಕಾಯಿತು. ಇಂದು ನಮ್ಮ ಪೇಟೆಗಳ ಬೀದಿಬೀದಿಯಲ್ಲಿ ಅವರ ಹೆಸರಿನ ಫಲಕ ಕಾಣುತ್ತದೆ. ಒಳಗೆ ಬಾಯಿಬಿಡದೆ ಕುಳಿತು ನೋಡುವ ಗುರು ಇದ್ದಾರೆಯೇ ಎಂಬುದು ಫಲಕದಿಂದ ತಿಳಿಯುವುದಿಲ್ಲ.

ಅವರು ಬರುವುದಕ್ಕೆ ಮೊದಲೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ವಕೀಲಿ ಬಿಟ್ಟು, 1920ರಲ್ಲಿ ಬಾಲಮಂದಿರ ತೆರೆದಿದ್ದರು. ಬೆತ್ತವಿಲ್ಲದೆ, ಕಥೆ, ಆಟ, ಹಾಡುಗಳಿಂದ ಕಲಿಸಬಹುದೆಂದು ಮಾಡಿ ತೋರಿಸಿದರು. ಅವರ ಜೊತೆಯಲ್ಲಿ ದುಡಿದ ತಾರಾಬಾಯಿ ಮೋಡಕ್ ಅವರಿಗೆ, ಇದೆಲ್ಲ ಪಟ್ಟಣದ ಉಳ್ಳವರ ಮಕ್ಕಳಿಗೇ ಸಾಕೇ ಎಂಬ ಯೋಚನೆ ಹತ್ತಿತು. ಅವರು 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅನುತಾಯಿ ವಾಘ್ ಅವರ ಜೊತೆಗೂಡಿದರು. ಕೇರಿಯ ಮಕ್ಕಳು ಶಾಲೆಗೆ ಬರಲಿಲ್ಲ. ಸರಿ, ಶಾಲೆಯೇ ಅವರ ಮನೆಯ ಅಂಗಳಕ್ಕೆ ಹೋಯಿತು. ಮಾಂಟೆಸೊರಿಯ ದುಬಾರಿ ಸಾಮಾನುಗಳ ಬದಲು ಎಲೆ, ಬೀಜ, ಕಲ್ಲು, ಚಿಪ್ಪುಗಳು ಬಂದವು. ಅಂಗನವಾಡಿ ಎಂಬ ಹೆಸರು ಅಲ್ಲಿಂದ ಬಂದದ್ದು. ಇಂದು ನಾವು ಸರ್ಕಾರಿ ಶಬ್ದದಂತೆ ಬಳಸುವ ಆ ಮಾತಿನಲ್ಲಿ, ಮಗು ಇದ್ದಲ್ಲಿಗೇ ಗುರು ಹೋಗಬೇಕೆಂಬ ಅರ್ಥ ಅಡಗಿದೆ.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಹಿಡಿದದ್ದು ತಿರುಮಕೂಡಲು ನರಸೀಪುರವನ್ನು; ಅಲ್ಲಿ 100 ಅಂಗನವಾಡಿಗಳು. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಇವೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ—ಹೀಗೆ ಆರು ಸೇವೆಗಳು ಒಂದೇ ಸೂರಿನಡಿ. ಹಸಿದ ಮಗು ಕಲಿಯಲಾರದು ಎಂಬುದನ್ನು ಮೊದಲು ಒಪ್ಪಿಕೊಂಡ ಈ ಯೋಜನೆ ದೊಡ್ಡದೇ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಬಿಸಿನೀರಿನ ಬಾಣಲೆಯ ಮುಂದೆ ಬೆಳಗಿನಿಂದ ನಿಲ್ಲುವ ತಾಯಿಗೆ, ಮಗುವನ್ನು ನಂಬಿ ಬಿಟ್ಟುಹೋಗಲು ಒಂದು ಜಾಗ ಸಿಕ್ಕಿತು.

ಆದರೆ ಆರನೆಯ ಸೇವೆಯ ಪಾಡೇನು? ತೂಕ ನೋಡಬೇಕು, ಎತ್ತರ ನೋಡಬೇಕು, ಗರ್ಭಿಣಿ ಬಾಣಂತಿಯರ ಪಟ್ಟಿ ಬರೆಯಬೇಕು, ಮೊಟ್ಟೆ, ಬೇಳೆಗಳ ಲೆಕ್ಕ ಇಡಬೇಕು; ಈಗ ಅವೆಲ್ಲವನ್ನೂ ಮೊಬೈಲಿಗೂ ಏರಿಸಬೇಕು. ಮೇಲ್ವಿಚಾರಕಿ ಬಂದಾಗ ಮೊದಲು ಕೇಳುವುದು ಕಣ್ಣಿಗೆ ಕಾಣುವ ಈ ಲೆಕ್ಕಗಳನ್ನೇ. ಬೆಳಿಗ್ಗೆ ಮಕ್ಕಳ ಜೊತೆ ಎಷ್ಟು ಹೊತ್ತು ಮಾತಾಡಿದಿರಿ ಎಂಬುದಕ್ಕೆ ರಿಜಿಸ್ಟರಿನಲ್ಲಿ ಕಲಮೇ ಇಲ್ಲ. ಮಕ್ಕಳು ಟೀಚರ್ ಎಂದು ಕರೆಯುವ ಆ ಹೆಣ್ಣುಮಗಳನ್ನು ಸರ್ಕಾರ ಕರೆಯುವುದು ಕಾರ್ಯಕರ್ತೆ ಎಂದು. ಕೊಡುವುದಕ್ಕೆ ಸಂಬಳವೆಂದು ಹೆಸರಿಲ್ಲ, ಗೌರವಧನ. 2022ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇವರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು ತೀರ್ಪಿತ್ತಾಗ, ಇವರ ಕೆಲಸದಲ್ಲಿ ಮಕ್ಕಳ ಶಿಕ್ಷಣವೂ ಸೇರಿದೆಯೆಂಬುದನ್ನು ಎತ್ತಿ ಹೇಳಬೇಕಾಯಿತು. ಕೂಲಿಮಠದ ಐಗಳಿಗೆ ಮಹಾನವಮಿಯಲ್ಲಿ ಮಕ್ಕಳಿಂದ ಮನೆಮನೆಗೆ ಪದ ಹೇಳಿಸಿಕೊಂಡು ಹೋದಾಗ ಸಂಭಾವನೆ ಬರುತ್ತಿತ್ತು. ಹೆಸರು ಬದಲಾಯಿತು, ಚಿಕ್ಕ ಮಕ್ಕಳ ಗುರುವಿಗೆ ಸಮಾಜ ಕೊಡುವ ಬೆಲೆ ಅಷ್ಟಾಗಿ ಬದಲಾಗಲಿಲ್ಲ.

ಗುರು ಮತ್ತು ಮಗುವಿನ ಮಾತುಕತೆಯನ್ನೇ ಅಳೆಯುವ ವಿದ್ಯೆ ಹುಟ್ಟಿದ್ದು ಅಮೆರಿಕದಲ್ಲಿ. ನೆಡ್ ಫ್ಲಾಂಡರ್ಸ್ ಎಂಬ ವಿದ್ವಾಂಸರು 1950 ಮತ್ತು 1960ರ ದಶಕಗಳಲ್ಲಿ ತರಗತಿಯ ಮೂಲೆಯಲ್ಲಿ ಕುಳಿತು ನೋಡುವುದಕ್ಕೆ ಒಂದು ಕ್ರಮ ಕಟ್ಟಿದರು. ತರಗತಿಯಲ್ಲಿ ನಡೆಯುವುದನ್ನು ಹತ್ತು ಬಗೆಯಾಗಿ ವಿಂಗಡಿಸಿದರು. ಏಳು ಗುರುವಿನ ಮಾತಿಗೆ: ಮಗುವಿನ ಮನಸ್ಸನ್ನು ಒಪ್ಪಿಕೊಳ್ಳುವುದು, ಹೊಗಳುವುದು, ಮಗು ಹೇಳಿದ್ದನ್ನು ಹಿಡಿದು ಬೆಳೆಸುವುದು, ಪ್ರಶ್ನೆ ಕೇಳುವುದು, ಉಪನ್ಯಾಸ, ಅಪ್ಪಣೆ, ಗದರಿಕೆ. ಎರಡು ಮಗುವಿನ ಮಾತಿಗೆ: ಕೇಳಿದ್ದಕ್ಕೆ ಉತ್ತರ, ತಾನಾಗಿ ಆಡಿದ ಮಾತು. ಹತ್ತನೆಯದು ಮೌನ ಅಥವಾ ಗದ್ದಲ. ಮೂರು ಮೂರು ಸೆಕೆಂಡಿಗೆ ಒಂದು ಅಂಕಿ ಬರೆಯುತ್ತ ಹೋಗುವುದು. ಅವರಿಗೆ ಕಂಡದ್ದಿಷ್ಟು: ತರಗತಿಯ ಹೊತ್ತಿನಲ್ಲಿ ಮೂರರಲ್ಲಿ ಎರಡು ಪಾಲು ಯಾರೋ ಮಾತಾಡುತ್ತಿರುತ್ತಾರೆ, ಆ ಮಾತಿನಲ್ಲಿ ಮೂರರಲ್ಲಿ ಎರಡು ಪಾಲು ಗುರುವಿನದು, ಗುರುವಿನ ಮಾತಿನಲ್ಲೂ ಮೂರರಲ್ಲಿ ಎರಡು ಪಾಲು ಉಪನ್ಯಾಸ, ಅಪ್ಪಣೆ, ಗದರಿಕೆ. 2008ರಲ್ಲಿ ರಾಬರ್ಟ್ ಪಿಯಾಂಟಾ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಇನ್ನೊಂದು ಅಳತೆಗೋಲು ಕ್ಲಾಸ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅದು ಮುಖ್ಯವಾಗಿ ಮೂರನ್ನು ನೋಡುತ್ತದೆ: ಅಕ್ಕರೆ, ಅಚ್ಚುಕಟ್ಟು, ಮಗುವಿನ ಯೋಚನೆಯನ್ನು ಬೆಳೆಸುವ ಮಾತು. ಒಂದರಿಂದ ಏಳರವರೆಗೆ ಅಂಕ.

ಇದೆಲ್ಲ ಪುಸ್ತಕದ ಮಾತಾಯಿತು ಎನ್ನುವವರಿಗಾಗಿ ಈ ಗಡಿಸೀಮೆಯ ಒಂದು ಅಂಗನವಾಡಿಯನ್ನು ಊಹಿಸಿಕೊಳ್ಳೋಣ. ಟೀಚರು ನಾಯಿಯ ಚಿತ್ರ ತೋರಿಸಿ, ‘ಇದೇನು ಪುಟ್ಟಾ?’ ಎನ್ನುತ್ತಾರೆ. ತೆಲುಗು ಮನೆಮಾತಿನ ಮಗು, ‘ಕುಕ್ಕ’ ಎನ್ನುತ್ತದೆ. ಟೀಚರು, ‘ಕುಕ್ಕ ಅಲ್ಲ, ನಾಯಿ ಅನ್ನು. ಎಲ್ಲಾರೂ ಹೇಳಿ, ನಾ-ಯಿ’ ಎನ್ನಬಹುದು. ಇಪ್ಪತ್ತು ಕಂಠಗಳು ‘ನಾಯಿ’ ಎನ್ನುತ್ತವೆ. ಸದ್ದು ಜೋರಾಗಿಯೇ ಬರುತ್ತದೆ. ಬಾಗಿಲಲ್ಲಿ ನಿಂತವರಿಗೆ ಪಾಠ ಚೆನ್ನಾಗಿ ನಡೆಯುತ್ತಿದೆ ಎನ್ನಿಸುತ್ತದೆ. ಅಥವಾ ಟೀಚರು, ‘ಹೌದು ಕಣೋ, ನಿಮ್ಮನೇಲಿ ಕುಕ್ಕ, ಕನ್ನಡದಲ್ಲಿ ನಾಯಿ. ಫಾತಿಮಾ, ನಿಮ್ಮನೇಲಿ ಏನಂತೀರಮ್ಮ? ಕುತ್ತಾನಾ? ನೋಡು, ಒಂದು ನಾಯಿಗೆ ಮೂರು ಹೆಸರು! ನಿಮ್ಮ ಬೀದಿ ನಾಯಿ ರಾತ್ರಿ ಏನು ಮಾಡುತ್ತೆ?’ ಎನ್ನಬಹುದು. ಆಗ ಮಗು ತೆಲುಗು ಕನ್ನಡ ಬೆರಸಿ ಒಂದು ಕಥೆಯನ್ನೇ ಹೇಳಲು ಹೊರಡುತ್ತದೆ.

ಎರಡು ಕಡೆಯೂ ಚಿತ್ರ ಅದೇ, ಕೋಣೆ ಅದೇ, ಟೀಚರು ಕಲಿಸಿದ ಕನ್ನಡದ ಪದವೂ ಅದೇ. ಹಾಜರಿ ಪುಸ್ತಕದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಫ್ಲಾಂಡರ್ಸ್ ಅವರ ಲೆಕ್ಕದಲ್ಲಿ ಮೊದಲನೆಯದು ತಿದ್ದುವಿಕೆ ಮತ್ತು ಅಪ್ಪಣೆ. ಎರಡನೆಯದು ಮಗು ಹೇಳಿದ್ದನ್ನು ಹಿಡಿದು ಬೆಳೆಸುವುದು, ಅದರ ಬೆನ್ನಿಗೇ ಮಗುವಿನ ಸ್ವಂತ ಮಾತು. ಮೊದಲನೆಯ ಮಗು ಒಂದು ಪದ ಕಲಿಯಿತು. ಜೊತೆಗೆ ತನ್ನ ಅವ್ವನ ಮಾತು ಇಲ್ಲಿ ತಪ್ಪು ಎಂಬುದನ್ನೂ ಕಲಿಯಿತು. ಹತ್ತು ಸಲ ಹೀಗಾದರೆ ಹನ್ನೊಂದನೆಯ ಸಲ ಅದು ಬಾಯಿಬಿಡುವುದಿಲ್ಲ. ಆಮೇಲೆ ಒಂದನೆಯ ತರಗತಿಯ ಮೇಷ್ಟರು, ‘ಈ ಹುಡುಗ ಮಂಕು’ ಎನ್ನುತ್ತಾರೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಪಣಕ್ಕಿಟ್ಟಿರುವುದು ಇದು. ಕನ್ನಡವನ್ನು ಕಲಿಸಬೇಕೇ ಬೇಡವೇ ಎಂಬ ತಕರಾರು ಇಲ್ಲಿಲ್ಲ, ಕಲಿಸಲೇಬೇಕು. ಮಗು ಕನ್ನಡಕ್ಕೆ ಬರುವುದು ಪ್ರೀತಿಯಿಂದಲೋ ಅಂಜಿಕೆಯಿಂದಲೋ ಎಂಬುದು ಪ್ರಶ್ನೆ. ಕನ್ನಡದ ಹಿತವನ್ನು ಬಯಸುವವರು ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಬೇಕು.

ದಿಲ್ಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ ಮತ್ತು ಅಸರ್ ಕೇಂದ್ರದವರು ಸೇರಿ ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳಲ್ಲಿ ಸಾವಿರಾರು ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರು ಅಂಗನವಾಡಿಗಳಲ್ಲೂ ಖಾಸಗಿ ಶಿಶುವಿಹಾರಗಳಲ್ಲೂ ಕುಳಿತು ನೋಡಿದರು. ಖಾಸಗಿ ಶಾಲೆಗಳಲ್ಲಿ ಅಕ್ಷರ, ಅಂಕಿಗಳನ್ನು ಒಟ್ಟಾಗಿ ಕೂಗಿಸುವುದು, ನೋಡಿ ಬರೆಸುವುದು ಹೇರಳವಾಗಿತ್ತು. ವಯಸ್ಸಿಗೆ ತಕ್ಕ ಆಟ, ಮಾತುಕತೆಗಳಿಗೆ ಎರಡು ಕಡೆಯೂ ಬರ. ಹಣ ಕೊಟ್ಟು ಬಾಲವಾಡಿಗೆ ಕಳಿಸುವ ನಾವೂ ನೀವೂ ಇದನ್ನು ಓದಿ ಹಳ್ಳಿಯ ಕಡೆ ಮರುಕದಿಂದ ನೋಡಬೇಕಾದದ್ದೇನಿಲ್ಲ. ಕ್ಯಾಂಬೆಲ್ ಸಾಹೇಬರ ಗಿಳಿ ಈಗ ಇಂಗ್ಲಿಷಿನಲ್ಲಿಯೂ ಪದ್ಯ ಒಪ್ಪಿಸುತ್ತದೆ.

ಹಾಗಾದರೆ ದಾರಿಯೇ ಇಲ್ಲವೇ? ದಾರಿ ಚಿಂತಾಮಣಿಯಿಂದ ಬಹಳ ದೂರವಿಲ್ಲ. ಅಲ್ಲಿಂದ ಮದನಪಲ್ಲಿಯ ಕಡೆಗೆ ಹೋಗುವ ರಸ್ತೆ ಹಿಡಿದರೆ ಆಂಧ್ರದ ಗಡಿಯಾಚೆ ಋಷಿಕಣಿವೆ, ಅಂದರೆ ರಿಷಿ ವ್ಯಾಲಿ, ಸಿಗುತ್ತದೆ. ಜಿಡ್ಡು ಕೃಷ್ಣಮೂರ್ತಿಯವರ ಹೆಸರಿನ ಜೊತೆ ಸೇರಿಹೋದ ಆ ಶಾಲೆಯವರು ಸುತ್ತಲಿನ ಹಳ್ಳಿಗಳಲ್ಲಿ ಒಬ್ಬರೇ ಗುರುವಿನ ಚಿಕ್ಕ ಶಾಲೆಗಳನ್ನು ನಡೆಸಿ, ಚೀಟಿ, ಚಿತ್ರ, ಆಟಗಳಿಂದ ಕಲಿಸುವ ಒಂದು ಕ್ರಮ ಬೆಳೆಸಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಮೇಷ್ಟರುಗಳು ಯುನಿಸೆಫ್ ನೆರವಿನಿಂದ ಅಲ್ಲಿಗೆ ಹೋಗಿ ನೋಡಿ ಬಂದರು. ತೆಲುಗಿನಲ್ಲಿ ಕಂಡದ್ದನ್ನು ಕನ್ನಡಕ್ಕೆ ಒಗ್ಗಿಸಿದರು. ಅದೇ ನಲಿ-ಕಲಿ. 2009ರ ಹೊತ್ತಿಗೆ ಅದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆಲ್ಲ ಹಬ್ಬಿತು. ಅಲ್ಲಿ ಮೇಷ್ಟರು ಕುರ್ಚಿ ಬಿಟ್ಟು ನೆಲದ ಮೇಲೆ ಮಕ್ಕಳ ನಡುವೆ ಕುಳಿತರು, ಮಕ್ಕಳು ಗುಂಪುಗಳಾದರು, ಬಲ್ಲ ಮಗು ಅರಿಯದ ಮಗುವಿಗೆ ಹೇಳಿಕೊಟ್ಟಿತು. ಕೂಲಿಮಠದಲ್ಲಿ ಕ್ಯಾಂಬೆಲ್ ಸಾಹೇಬರು ಮೆಚ್ಚಿದ ಗುಣ ಬೆತ್ತವನ್ನು ಹೊರಗಿಟ್ಟು ಮತ್ತೆ ಒಳಗೆ ಬಂದಿತು. ಎಲ್ಲ ಕಡೆಯೂ ಅದು ಒಂದೇ ಹುರುಪಿನಿಂದ ನಡೆಯಿತೆಂದಲ್ಲ. ಚೀಟಿಯನ್ನು ಅಚ್ಚುಹಾಕಿಸಿ ಹಂಚಿದಷ್ಟು ಸುಲಭವಾಗಿ ಸಲಿಗೆಯನ್ನು ಹಂಚಲಾಗುವುದಿಲ್ಲ. ಆದರೂ ಒಬ್ಬರ ಕೋಣೆಯನ್ನು ಇನ್ನೊಬ್ಬ ಮೇಷ್ಟರು ಹೋಗಿ, ಸುಮ್ಮನೆ ಕುಳಿತು ನೋಡಿದ್ದರಿಂದ ಒಂದು ನಾಡಿನ ಪಾಠದ ರೀತಿ ಬದಲಾಯಿತೆಂಬುದು ನಮ್ಮ ಕಣ್ಣೆದುರಿನ ಚರಿತ್ರೆ.

ಅಂಗನವಾಡಿಗೂ ಇಂಥ ನೋಟ ಬೇಕಾಗಿದೆ. 2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಮನೆಮಾತಿಗೆ ಮೊದಲ ಸ್ಥಾನ ಕೊಟ್ಟಿದೆ. ನಮ್ಮ ರಾಜ್ಯದ ಅಂಗನವಾಡಿಗಳಿಗೆ ಚಿಲಿಪಿಲಿ ಎಂಬ ಚಟುವಟಿಕೆ ಪುಸ್ತಕವಿದೆ. 2024ರಲ್ಲಿ ಆಯ್ದ ಕೆಲವು ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿಗಳೂ ಆರಂಭವಾದವು. ಪುಸ್ತಕ, ಫಲಕ, ಸಮವಸ್ತ್ರಗಳು ಬೇಗ ಬರುತ್ತವೆ; ಮರುಮಾತು ಬದಲಾಗಲು ಹೊತ್ತು ಹಿಡಿಯುತ್ತದೆ. ಹತ್ತು ರಿಜಿಸ್ಟರುಗಳ ನಡುವೆ ಸಿಕ್ಕಿದ ಟೀಚರಿಗೆ, ಮೂಲೆಯಲ್ಲಿ ಕುಳಿತು ಅಂಕ ಹಾಕುವ ಇನ್ನೊಬ್ಬ ಇನ್‌ಸ್ಪೆಕ್ಟರಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಮಕ್ಕಳ ಜೊತೆ ಮಾತಾಡಲು ಬೇರೆ ಕೆಲಸವಿಲ್ಲದ ಎರಡು ಗಂಟೆ. ನೆರೆಯೂರಿನ ಟೀಚರು ಬಂದು ನೋಡಿ, ‘ಅಕ್ಕಾ, ಆ ಮಗು ಏನೋ ಹೇಳೋಕೆ ಬಂತು, ನೀವು ಗಮನಿಸಲಿಲ್ಲ’ ಎಂದು ಹೇಳುವ ಸ್ನೇಹ. ಮತ್ತು ಆ ಮಾತನ್ನು ಕೇಳಿಯೂ ಕೆಲಸ ಹೋಗುವುದಿಲ್ಲವೆಂಬ ಧೈರ್ಯ.

ಮಗು ಮನೆಗೆ ಬಂದೊಡನೆ, ‘ಇವತ್ತು ಏನು ಬರೆಸಿದರು?’ ಎಂದು ಕೇಳುವುದು ನಮ್ಮೆಲ್ಲರ ರೂಢಿ. ಆ ಪ್ರಶ್ನೆ ಹಳೆಯ ಇನ್‌ಸ್ಪೆಕ್ಟರದು. ‘ಇವತ್ತು ಟೀಚರಿಗೆ ನೀನು ಏನು ಹೇಳಿದೆ? ಅವರು ಏನಂದರು?’ ಎಂದು ಕೇಳಿ ನೋಡಬಹುದು. ಮಗು ಉತ್ತರವಾಗಿ ಒಂದು ಕಥೆ ಶುರುಮಾಡಿದರೆ, ಅದು ತೆಲುಗಿನಲ್ಲಿರಲಿ, ಉರ್ದುವಿನಲ್ಲಿರಲಿ, ಕನ್ನಡದಲ್ಲಿರಲಿ, ಆ ಶಾಲೆಯಲ್ಲಿ ವಿದ್ಯೆ ನಡೆಯುತ್ತಿದೆ ಎಂದು ನಂಬಬಹುದು.